ಆರ್ಡರ್ ಒತ್ತುವ ಮುಂಚೆ, ಅಪ್ಪಿ

ಅಪ್ಪಿ, ನಿನ್ನ ಜಿಪ್ಸಿಗೆ ಅಮೆರಿಕದಿಂದ ತರಿಸಬೇಕೆಂದು ಬರೆದಿಟ್ಟ ಪಟ್ಟಿ ಓದಿದೆ. ಹೆಡ್‌ಲೈಟ್ ಜೋಡಿ, ಮುಂದಿನ ಬಂಪರ್, ಬ್ರೇಕಿನ ರಬ್ಬರ್ ಕಿಟ್, ವೀಲ್ ಬೇರಿಂಗ್, ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಕಾರ್ಬೊರೇಟರ್ ಕಿಟ್, ಆಕ್ಸಲ್ ಲಾಕರ್. ಸಾಗರದ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ನಿಂತೇ ತಲೆ ಹಣ್ಣಾದ ಮಾವ ಊರಿನ ಅಂಗಡಿಯ ಪರವಾಗಿಯೇ ವಕಾಲತ್ತು ಮಾಡುತ್ತಾನೆ ಅಂತ ನೀನು ಅಂದುಕೊಂಡಿರಬಹುದು. ಪಕ್ಷಪಾತ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿನ್ನ ಪಟ್ಟಿಯಲ್ಲಿ ಹೊರಗಿನಿಂದಲೇ ತರಿಸಬೇಕಾದದ್ದೂ ಇದೆ, ದುಡ್ಡು ಕೊಟ್ಟು ಕಸ ಮನೆಗೆ ತರಿಸಿಕೊಂಡ ಹಾಗಾಗುವುದೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿಕೊಂಡರೆ ನನಗೆ ಸಾಕು.

ಮೊದಲು ನಿನ್ನ ಗಾಡಿ ಯಾರ ಮನೆಯದು ಅಂತ ತಿಳಿದುಕೋ. ಮಾರುತಿಯವರು 1985ರಲ್ಲಿ ಜಿಪ್ಸಿ ತಂದಾಗ ಅದು ಜಪಾನಿನ ಸುಜುಕಿಯ ಎಸ್‌ಜೆ 410, ಉದ್ದ ಚಾಸಿಯದ್ದು, 970 ಸಿಸಿ ಎಂಜಿನ್ನಿನದ್ದು. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿ ಎಂಜಿನ್. 2000ದಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್ಐ ಬಂತು. ನಿನ್ನದು 1998ರ ಕಿಂಗ್, ಅಂದರೆ ದೊಡ್ಡ ಎಂಜಿನ್, ಆದರೂ ಕಾರ್ಬೊರೇಟರ್. ಇದೇ ವಂಶದ ಗಾಡಿಯನ್ನು ಅಮೆರಿಕದಲ್ಲಿ ಸಮುರಾಯ್ ಅಂತ ಮಾರುತ್ತಿದ್ದರು, 1995ಕ್ಕೆ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಅಲ್ಲಿನವರು ಅದನ್ನು ಬಂಡೆ ಹತ್ತಿಸಲು ಇಟ್ಟುಕೊಂಡರು, ಹಾಗಾಗಿ ಸಾಮಾನು ಮಾಡುವವರೂ ಉಳಿದುಕೊಂಡರು. ನೀನು ರಾತ್ರಿ ಹನ್ನೆರಡಕ್ಕೆ ಫೋನಿನಲ್ಲಿ ನೋಡುತ್ತಾ ಕೂರುವುದು ಅವರ ಅಂಗಡಿಗಳನ್ನೇ.

ದಾಯಾದಿ ಅಂದಮಾತ್ರಕ್ಕೆ ಅಂಗಿ ಹೊಂದುವುದಿಲ್ಲ ಮಾರಾಯ. ಅಮೆರಿಕದ ಸಮುರಾಯ್ ಗಿಡ್ಡ ಚಾಸಿಯದು, ಎರಡು ಆಕ್ಸಲ್ ನಡುವೆ 2030 ಮಿ.ಮೀ. ನಿನ್ನ ಜಿಪ್ಸಿಗೆ 2375. ಮುಕ್ಕಾಲು ಮೊಳದಷ್ಟು ವ್ಯತ್ಯಾಸ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಅಲ್ಲಿಂದ ಬಂದರೆ ಟ್ರಾನ್ಸ್‌ಫರ್ ಕೇಸಿಗೆ ಸಿಕ್ಕಿಸಿದ ಮೇಲೆ ಆಕ್ಸಲ್ ಮುಟ್ಟುವುದೇ ಇಲ್ಲ. ಹಿಂದಿನ ಬ್ರೇಕ್ ಪೈಪು, ಸೈಲೆನ್ಸರ್ ಪೈಪು, ಟಾರ್ಪಾಲಿನ ಹುಡ್ಡು, ಎಲ್ಲದಕ್ಕೂ ಇದೇ ಕತೆ. ಜಾಹೀರಾತಿನಲ್ಲಿ ‘ಜಿಪ್ಸಿಗೂ ಆಗುತ್ತದೆ’ ಅಂತ ಬರೆದಿದ್ದರೆ ಬರೆದವನು ಜಿಪ್ಸಿಯ ಅಡಿಗೆ ಮಲಗಿ ನೋಡಿದವನೇ ಅಂತ ಕೇಳಿಕೋ. ನಿನ್ನ ಶಾಫ್ಟಿನ ತೊಂದರೆ ಜಾಯಿಂಟ್ ಕ್ರಾಸಿನದ್ದು. ಅದೊಂದು ಕ್ರಾಸು ಬದಲಿಸಿದರೆ ಸಾಕು, ಇಲ್ಲೇ ಸಿಗುತ್ತದೆ. ಪೈಪೇ ಬೆಂಡಾಗಿದ್ದರೆ ಶಿವಮೊಗ್ಗದಲ್ಲಿ ಲೇತಿಗೆ ಕೊಟ್ಟು ಬ್ಯಾಲೆನ್ಸ್ ಮಾಡಿಸು.

ಹೆಡ್‌ಲೈಟಿನ ವಿಷಯ ಇನ್ನೂ ಮೋಸದ್ದು, ಯಾಕೆಂದರೆ ಅದು ಸರಿಯಾಗಿ ಕೂರುತ್ತದೆ. ಗುಂಡನೆಯ ದೀಪ, ಅದೇ ಅಳತೆ, ಅದೇ ಹೋಲ್ಡರ್. ಅಮೆರಿಕದಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ, ಹಾಗಾಗಿ ಡಿಮ್ ಬೆಳಕನ್ನು ಬಲದ ಅಂಚಿಗೆ ಚೆಲ್ಲುವ ಹಾಗೆ ಗಾಜು ಕೆತ್ತಿರುತ್ತಾರೆ. ನಾವು ಎಡಕ್ಕೆ ಹೋಗುವವರು. ಆ ದೀಪ ಹಾಕಿಕೊಂಡು ನೀನು ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದರೆ ನೀನು ಡಿಮ್ ಮಾಡಿದಷ್ಟೂ ಎದುರಿನವನ ಕಣ್ಣಿಗೆ ಬೆಳಕು. ಮಂಜು ಬಿದ್ದ ದಿನ ಕೇಳುವುದೇ ಬೇಡ. ಹೊರಗಿನ ದೀಪವೇ ಬೇಕೆಂದಿದ್ದರೆ ಇಂಗ್ಲೆಂಡ್, ಜಪಾನ್, ಆಸ್ಟ್ರೇಲಿಯಾದ್ದು ನೋಡು, ಅವರೂ ಎಡಗಡೆಯವರು. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲುಸಾಲು ಅಂಗಡಿಗಳಲ್ಲಿ ನಮ್ಮ ರಸ್ತೆಗೆ ಸರಿಯಾದ ದೀಪ ಸಿಗುವಾಗ ಸಮುದ್ರ ಯಾಕೆ ದಾಟಬೇಕು? ಸ್ಟೀರಿಂಗ್ ಬಾಕ್ಸು, ವೈಪರಿನ ಕೈ, ಪೆಡಲಿನ ಸಾಮಾನು ಇವೂ ಅಷ್ಟೆ. ಅಲ್ಲಿನ ಡ್ರೈವರ್ ಎಡಗಡೆ ಕೂರುತ್ತಾನೆ ಎಂಬುದನ್ನು ಮರೆಯಬಾರದು.

ಈಗ ಬೇರಿಂಗ್. ಇದು ಗೊತ್ತಾದರೆ ನಿನ್ನ ಜೀವಮಾನದಲ್ಲಿ ಸಾಕಷ್ಟು ದುಡ್ಡು ಉಳಿಯುತ್ತದೆ, ಹಾಗಾಗಿ ಗಮನ ಇಟ್ಟು ಕೇಳು. ಬೇರಿಂಗಿಗೆ ಗಾಡಿಯ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅದರ ಮೈಮೇಲೆ ಕೊರೆದ ನಂಬರ್ ಮಾತ್ರ, ಮತ್ತು ಆ ನಂಬರ್ ಪ್ರಪಂಚಕ್ಕೆಲ್ಲ ಒಂದೇ. 6205 ಅಂತ ಇದ್ದರೆ ಕಡೆಯ ಎರಡಂಕಿಯನ್ನು ಐದರಿಂದ ಗುಣಿಸು, ಒಳತೂತು 25 ಮಿ.ಮೀ. ಹೊರಗಿನ ಅಳತೆ 52, ದಪ್ಪ 15. ಜಪಾನಿನದಾಗಲಿ, ಸ್ವೀಡನ್ನಿನದಾಗಲಿ, ನಮ್ಮ ದೇಶದ್ದಾಗಲಿ, ಅಳತೆ ಕೂದಲೆಳೆಯೂ ಬೇರೆಯಾಗದು. ನಿಮ್ಮನೆ ಅಡಿಕೆ ಸುಲಿಯುವ ಮೆಷಿನ್ನಿನಲ್ಲೂ ತೋಟದ ಪಂಪಿನಲ್ಲೂ ಇಂಥ ನಂಬರುಗಳೇ ಕೂತಿವೆ. ಜಿಪ್ಸಿಯದ್ದು ಅಂತ ಹೆಸರು ಹೇಳಿ ಹುಡುಕಿದರೆ ಹೆಸರಿನ ಬೆಲೆ ಕೊಡಬೇಕು. ನಂಬರ್ ಹೇಳಿ ಬೇರಿಂಗ್ ಅಂಗಡಿಗೆ ಹೋದರೆ ಬೇರಿಂಗಿನ ಬೆಲೆ. ಆಯಿಲ್ ಸೀಲಿಗೂ ಹೀಗೇ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಮೂರಂಕಿ ಸಾಕು. ಫ್ಯಾನ್ ಬೆಲ್ಟಿಗೆ ಅದರ ಬೆನ್ನ ಮೇಲೆ ಬರೆದದ್ದು. ಇವನ್ನು ಅಮೆರಿಕದಿಂದ ತರಿಸುವುದು ಶರಾವತಿ ದಂಡೆಯಲ್ಲಿ ಕೂತು ಬಾಟಲಿ ನೀರು ತರಿಸಿದ ಹಾಗೆ.

ಕೌಂಟರಿನಲ್ಲಿದ್ದಾಗ ಬಂದವರಿಗೆಲ್ಲ ‘ಹಳೇ ಸ್ಯಾಂಪಲ್ ತಂದಿದೀರಾ?’ ಅಂತ ಕೇಳುವುದು ನಮಗೆ ಮಂತ್ರವಾಗಿತ್ತು. ಬಿಚ್ಚಿದ ಸಾಮಾನನ್ನು ಎಣ್ಣೆ ಸಮೇತ ಪೇಪರಿನಲ್ಲಿ ಸುತ್ತಿ ತಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಕೊಡಚಾದ್ರಿಗೆ ಜೀಪು ಹೊಡೆಯುವ ಕಟ್ಟಿನಹೊಳೆ, ನಿಟ್ಟೂರಿನ ಕಡೆಯ ಡ್ರೈವರುಗಳನ್ನು ಮಾತಾಡಿಸು. ಹಳೇ ಮಹೀಂದ್ರ ಜೀಪಿನಲ್ಲಿ ವಿಲ್ಲೀಸ್ ಕಾಲದಿಂದ ಬಂದ ಆಕ್ಸಲ್, ಗೇರ್‌ಬಾಕ್ಸಿನ ಕಡೆ ಇಂಚಿನ ಬೋಲ್ಟುಗಳು, ಪೂಜೋ ಡೀಸೆಲ್ ಎಂಜಿನ್ನಿನ ಕಡೆ ಮಿಲಿಮೀಟರಿನ ಬೋಲ್ಟುಗಳು. ಒಂದೇ ಗಾಡಿಗೆ ಎರಡು ಸ್ಪ್ಯಾನರ್ ಸೆಟ್ಟು. ಅವರಲ್ಲಿ ಎಷ್ಟೋ ಮಂದಿಗೆ ಪಾರ್ಟ್ ನಂಬರ್ ಬಾಯಿಪಾಠ ಇಲ್ಲ, ಬೋಲ್ಟನ್ನು ಬೆರಳಲ್ಲಿ ತಿರುಗಿಸಿಯೇ ಇಂಚೋ ಮಿಲಿಯೋ ಹೇಳುತ್ತಾರೆ. ಸ್ಕ್ರೀನಿನ ಮೇಲಿನ ಫೋಟೋವನ್ನು ಬೆರಳಲ್ಲಿ ತಿರುಗಿಸಲಾಗದು. ಅದಕ್ಕಾಗಿ ಹೊರದೇಶಕ್ಕೆ ಆರ್ಡರ್ ಹಾಕುವವನು ಚಾಸಿ ನಂಬರ್, ಎಂಜಿನ್ ನಂಬರ್, ಕಂಪನಿಯ ಪಾರ್ಟ್ ನಂಬರ್ ಮೂರನ್ನೂ ಮುಂದಿಟ್ಟುಕೊಂಡು, ವರ್ನಿಯರ್ ಹಿಡಿದು ಅಳೆದು, ಆಮೇಲೆ ಒತ್ತಬೇಕು.

ಇನ್ನು ಲೆಕ್ಕ. ನೀನು ಸಾಫ್ಟ್‌ವೇರಿನವನು, ನನಗಿಂತ ಚೆನ್ನಾಗಿ ಲೆಕ್ಕ ಬರುತ್ತದೆ, ಆದರೆ ಸುಂಕದ ಲೆಕ್ಕವನ್ನು ನಿನ್ನ ಓರಗೆಯವರು ಸಾಮಾನಿನ ಬೆಲೆಯ ಮೇಲೆ ಮಾತ್ರ ಹಾಕುತ್ತಾರೆ. ಕಸ್ಟಮ್ಸಿನವರು ಹಾಕುವುದು ಸಾಮಾನು, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಸ್ವಂತ ಬಳಕೆಗೆ ಅಂಚೆ, ಕೊರಿಯರಿನಲ್ಲಿ ಬರುವ ಸಾಮಾನಿಗೆ ಕೆಲವು ವರ್ಷಗಳ ಹಿಂದೆ ಇದ್ದ ದರ ಹೇಳುತ್ತೇನೆ. ಮೂಲ ಸುಂಕ ನೂರಕ್ಕೆ 35. ಆ ಸುಂಕದ ಮೇಲೆ ನೂರಕ್ಕೆ ಹತ್ತರಂತೆ ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ 3.50. ಈಗ ನೂರು 138.50 ಆಯಿತು. ಇದರ ಮೇಲೆ ಶೇ. 28 ಐಜಿಎಸ್‌ಟಿ, 38.78. ಒಟ್ಟು ತೆರಿಗೆಯೇ ಶೇ. 77.28. ನೂರು ರೂಪಾಯಿಯ ಸಾಮಾನಿಗೆ ಅರವತ್ತು ರೂಪಾಯಿ ಸಾಗಣೆಯಾದರೆ ತೆರಿಗೆ ಬೀಳುವುದು 160ರ ಮೇಲೆ. ಮನೆ ಬಾಗಿಲಿಗೆ ಬರುವಾಗ 283 ರೂಪಾಯಿ ದಾಟುತ್ತದೆ. ಕೊರಿಯರಿನವರ ಕ್ಲಿಯರೆನ್ಸ್ ಚಾರ್ಜು, ಕಾರ್ಡಿನವರು ಡಾಲರಿಗೆ ಹಾಕುವ ಹೆಚ್ಚುವರಿ ಬೇರೆ. ಈಚೆಗೆ ಈ ದರ ಇಳಿದಿದೆ, ಬಜೆಟ್ಟಿಗೊಮ್ಮೆ ಅಲ್ಲಾಡುತ್ತಲೇ ಇರುತ್ತದೆ. ಆರ್ಡರ್ ಹಾಕುವ ದಿನದ ದರ ನೋಡಿಕೊಳ್ಳುವುದು ನಿನ್ನ ಕೆಲಸ. ಲೆಕ್ಕ ಹಾಕುವ ದಾರಿ ಮಾತ್ರ ಇದೇ.

ಅಂಗಡಿಯ ಕಡೆಯ ಲೆಕ್ಕವನ್ನೂ ಹೊಸದಾಗಿ ಹಾಕಿಕೋ. 2025ರ ಸೆಪ್ಟೆಂಬರ್ 22ರಿಂದ ಗಾಡಿಯ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ. 18 ಆಗಿದೆ. ಅದಕ್ಕೂ ಮುಂಚೆ ಹೆಚ್ಚಿನ ಸಾಮಾನಿಗೆ ಶೇ. 28 ಇತ್ತು. ಹಳೇ ಬಿಲ್ಲು ಕೈಯಲ್ಲಿ ಹಿಡಿದು ‘ಇಲ್ಲಿ ದುಬಾರಿ’ ಅನ್ನುವುದು ನ್ಯಾಯವಲ್ಲ. ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಖಾಯಂ ಗಿರಾಕಿಗೆ ಅದರ ಮೇಲೆ ಎಷ್ಟೋ ಸಾಮಾನಿಗೆ ಕಡಿಮೆಯೂ ಮಾಡುತ್ತಾರೆ, ಕೇಳಲಿಕ್ಕೆ ನಾಚಿಕೆ ಬೇಡ.

ಬಂಪರ್ ಬಗ್ಗೆ ನಗು ಬಂತು. ತೂಕ ಎಷ್ಟಿದ್ದೀತು, ಹದಿನೈದು ಕೆ.ಜಿ. ಅಂತ ನೀನು ಬರೆದುಕೊಂಡಿದ್ದೀ. ವಿಮಾನದ ಕೊರಿಯರಿನವರು ತಕ್ಕಡಿಯನ್ನು ಮಾತ್ರ ನಂಬುವುದಿಲ್ಲ, ಪೆಟ್ಟಿಗೆಯನ್ನು ಟೇಪಿನಲ್ಲಿ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸುವುದು ಅವರ ರೂಢಿ. ಒಂದೂವರೆ ಮೀಟರ್ ಉದ್ದ, 40 ಸೆಂ.ಮೀ. ಅಗಲ, 40 ಎತ್ತರದ ಪೆಟ್ಟಿಗೆಗೆ 48 ಕೆ.ಜಿ. ಬಾಡಿಗೆ. ಬಂಪರಿನ ಜತೆಗೆ ಅಷ್ಟು ಗಾಳಿಯನ್ನೂ ನೀನು ಅಮೆರಿಕದಿಂದ ತರಿಸುತ್ತೀ. ತರಿಸಿದ ಮೇಲೂ ಹಾಕುವ ಹಾಗಿಲ್ಲ ಅನ್ನುವುದು ಇನ್ನೊಂದು. ಕಬ್ಬಿಣದ ಬುಲ್ ಬಾರ್, ಕ್ರಾಶ್ ಗಾರ್ಡ್ ಹಾಕಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಹೇಳಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಹಳೇ ಗಾಡಿಯ ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಕಣ್ಣು ಮೊದಲು ಬೀಳುವುದೇ ಮುಂದಿನ ಬಂಪರಿಗೆ. ತುಕ್ಕು ಹಿಡಿದ ನಿನ್ನ ಬಂಪರನ್ನು ಟಿಂಕರಿಂಗಿನವನ ಕೈಗೆ ಕೊಡು, ಹೊಸದರ ಹಾಗೆ ಮಾಡಿಕೊಡುತ್ತಾನೆ.

‘ಗಿಫ್ಟ್ ಅಂತ ಬರೆಸಿ ಕಳಿಸಿದರೆ ಸುಂಕ ಇಲ್ಲ ಮಾವ’ ಅಂತ ಒಮ್ಮೆ ಹೇಳಿದ್ದೀಯಲ್ಲ, ಅದು ಹಳೇ ಕತೆ. 2019ರ ಡಿಸೆಂಬರಿನಿಂದ ಆ ಬಾಗಿಲು ಮುಚ್ಚಿದೆ, ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಬಿಟ್ಟರೆ ಗಿಫ್ಟಿನ ವಿನಾಯಿತಿ ಇಲ್ಲ. ನೂರು ಡಾಲರಿನದ್ದಕ್ಕೆ ಹತ್ತು ಡಾಲರ್ ಅಂತ ಬಿಲ್ಲು ಬರೆಸುವುದಂತೂ ಶುದ್ಧ ಸುಳ್ಳು. ಸಿಕ್ಕಿಬಿದ್ದರೆ ಸಾಮಾನು ಕಸ್ಟಮ್ಸಿನವರ ಗೋಡೌನಿನಲ್ಲಿ, ಆಧಾರ್ ಕೊಟ್ಟವನು ನೀನು. ದಾರಿಯಲ್ಲಿ ಕಳೆದುಹೋದರೆ ವಿಮೆ ಸಿಗುವುದೂ ಆ ಹತ್ತು ಡಾಲರಿಗೇ.

ನಮ್ಮ ಕಡೆ ಇನ್ನೊಂದು ದಾರಿ ಇದೆ, ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿ ಬರುವ ದೊಡ್ಡಮ್ಮನ ಸೂಟ್‌ಕೇಸು. ಹೋಗುವಾಗ ಅಂಟಿನುಂಡೆ, ಉಪ್ಪಿನಕಾಯಿ, ಬರುವಾಗ ಯಾರದೋ ಗಾಡಿಯ ಸಾಮಾನು. ಬ್ಯಾಗೇಜಿನ ಮಿತಿಯೊಳಗೆ ಬಿಲ್ಲು ಸಮೇತ ಹೊಸ ಸಾಮಾನು ತರಿಸುವುದಕ್ಕೆ ತಕರಾರಿಲ್ಲ. ಆದರೆ ಬಳಸಿದ ಕಾರ್ಬೊರೇಟರ್, ಪೆಟ್ರೋಲ್ ಪಂಪು ಅವರ ಕೈಗೆ ಕೊಡಬೇಡ. ಪೆಟ್ರೋಲಿನ ವಾಸನೆ ಉಳಿದ ಸಾಮಾನು ವಿಮಾನಕ್ಕೆ ಅಪಾಯದ ವಸ್ತು. ಏರ್‌ಬ್ಯಾಗಿನ ಒಳಗೆ ಮದ್ದಿರುತ್ತದೆ, ಅದೂ ಹಾಗೆಯೇ. ಎಪ್ಪತ್ತು ದಾಟಿದ ಹೆಂಗಸನ್ನು ವಿಮಾನ ನಿಲ್ದಾಣದ ಭದ್ರತೆಯವರೆದುರು ನಿಲ್ಲಿಸಿ ‘ಇದೆಂತದು ಅಂತ ನಂಗೆ ಗೊತ್ತಿಲ್ಲ’ ಅನ್ನಿಸುವುದು ಯಾವ ಜಿಪ್ಸಿಗೂ ತಕ್ಕದ್ದಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಪೇಟೆ ಅಂಗಡಿಗಳ ಮುಖಕ್ಕೂ ಕನ್ನಡಿ ಹಿಡಿಯದಿದ್ದರೆ ನ್ಯಾಯವಾಗದು. ಡೂಪ್ಲಿಕೇಟು ಇಲ್ಲೂ ಇದೆ, ದಂಡಿಯಾಗಿ ಇದೆ. ಒಂದೇ ಕ್ಲಚ್ ಪ್ಲೇಟಿಗೆ ‘ಕಂಪನಿದು ಕೊಡ್ಲಾ, ಲೋಕಲ್ ಸಾಕಾ’ ಅಂತ ಕೇಳುವ ಅಂಗಡಿಯವನು ಪ್ರಾಮಾಣಿಕ. ಕೇಳದೇ ಕಂಪನಿಯ ಡಬ್ಬಿಯಲ್ಲಿ ಲೋಕಲ್ ಹಾಕಿ ಕೊಡುವವನೂ ಇದ್ದಾನೆ. ಡಬ್ಬಿಯ ಹಾಲೋಗ್ರಾಮ್, ಅಕ್ಷರದ ಅಚ್ಚು, ತಯಾರಾದ ತಿಂಗಳು, ಆಮದಾಗಿದ್ದರೆ ಆಮದು ಮಾಡಿದವರ ಹೆಸರು ವಿಳಾಸ, ಇವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೋ. ಮೆಕ್ಯಾನಿಕ್ಕಿಗೆ ಅಂಗಡಿಯಿಂದ ಕಮಿಷನ್ ಹೋಗುವುದು ಗುಟ್ಟೇನಲ್ಲ. ಅವನು ಇಂಥದೇ ಅಂಗಡಿಗೆ ಹೋಗು ಅಂದರೆ ಅರ್ಧ ನಂಬಿಕೆಯಿಂದ, ಅರ್ಧ ಕಮಿಷನ್ನಿನಿಂದ. ಅದರ ಇನ್ನೊಂದು ಮಗ್ಗುಲೂ ಇದೆ. ಅವನು ಹೇಳಿದಲ್ಲಿ ತಂದ ಸಾಮಾನು ಎರಡು ತಿಂಗಳಿಗೆ ಕೈಕೊಟ್ಟರೆ ಕೂಲಿ ಇಲ್ಲದೇ ಬಿಚ್ಚಿ ಹಾಕಿಕೊಡುತ್ತಾನೆ. ನೀನೇ ತರಿಸಿದ ಸಾಮಾನಿಗೆ ‘ಗ್ಯಾರಂಟಿ ಇಲ್ಲ ಸಾರ್’ ಅನ್ನುತ್ತಾನೆ, ಅನ್ನಲೂಬೇಕು.

ಬಿಲ್ಲು ಕೇಳು. ‘ಬಿಲ್ಲಾದರೆ ಜಿಎಸ್‌ಟಿ ಜಾಸ್ತಿ ಆಗುತ್ತೆ’ ಅನ್ನುವವನ ಮಾತಿಗೆ ತಲೆ ಆಡಿಸಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀನು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಗ್ರಾಹಕ ಆಯೋಗದಲ್ಲೇ, ದೂರು ಕೊಡಬಹುದು. ಬಿಲ್ಲು ಇದ್ದರೆ ಸಾಗರದ ಅಂಗಡಿಯವನೂ ಬೆಂಗಳೂರಿನ ಆನ್‌ಲೈನ್ ಕಂಪನಿಯೂ ಅಲ್ಲಿಗೆ ಬಂದು ಉತ್ತರ ಹೇಳಬೇಕು. ಚೀನಾದ ಯಾವುದೋ ಊರಿನಲ್ಲಿ ಕೂತು ಮಾರಿದವನನ್ನು ಯಾರು ಕರೆಸುತ್ತಾರೆ?

ತರಿಸಬಾರದವುಗಳಲ್ಲಿ ಬ್ರೇಕಿನ ರಬ್ಬರ್ ಕಿಟ್ಟನ್ನು ಬೇಕೆಂದೇ ಕಡೆಗೆ ಉಳಿಸಿಕೊಂಡೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುವ ಆಗುಂಬೆ, ಹುಲಿಕಲ್ ಕಡೆಯ ಮಳೆಯಲ್ಲಿ ಬ್ರೇಕ್ ಎಣ್ಣೆ ಗಾಳಿಯ ತೇವವನ್ನೇ ಕುಡಿಯುತ್ತದೆ, ವೀಲ್ ಸಿಲಿಂಡರಿನ ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಕಪ್ಪು ಹರಿಯುತ್ತದೆ. ರಬ್ಬರಿಗೆ ವಯಸ್ಸಿದೆ. ಬಳಸದೇ ಇಟ್ಟರೂ ಅದು ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ 2324 ಅಂತ ನಾಲ್ಕಂಕಿ ಇದ್ದರೆ 2024ರ 23ನೇ ವಾರದ ಟೈರು ಅಂತ ಅರ್ಥ, ನೋಡಿ ಕೊಳ್ಳಬಹುದು. ಬ್ರೇಕ್ ಕಪ್ಪಿಗೆ ಆ ಅನುಕೂಲ ಕಡಿಮೆ. ಅಮೆರಿಕದಲ್ಲಿ ನಿಂತುಹೋದ ಮಾಡೆಲ್ಲಿನ ಕಿಟ್ಟು ಯಾವ ಗೋಡೌನಿನಲ್ಲಿ ಎಷ್ಟು ವರ್ಷ ಮಲಗಿತ್ತೋ. ಇಲ್ಲಾದರೆ ಜಿಪ್ಸಿ ಮೊನ್ನೆ ಮೊನ್ನೆಯವರೆಗೆ ತಯಾರಾದ ಗಾಡಿ, ಪೊಲೀಸಿನವರ ಹತ್ತಿರ, ಸೈನ್ಯದವರ ಹತ್ತಿರ ರಾಶಿ ಇದೆ, ಸಾಮಾನು ಓಡುತ್ತದೆ, ಓಡುವ ಸಾಮಾನು ಹೊಸದಾಗಿರುತ್ತದೆ. ಎಣ್ಣೆಯ ವಿಷಯದಲ್ಲೂ ಹಾಗೆ, ಗಾಡಿಯ ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ 4 ಏನು ಹೇಳಿದೆಯೋ ಅದೇ. ಡಾಟ್ 5 ಸಿಲಿಕೋನ್ ಎಣ್ಣೆಯನ್ನು ಅದಕ್ಕೆ ಬೆರೆಸುವುದೇ ಬೇಡ.

ಅಂಗಡಿಯ ಗೂಡಿನಲ್ಲಿ ಏನಿರಬೇಕು ಅಂತ ನಿರ್ಧರಿಸುವವನು ಅಂಗಡಿಯವನಲ್ಲ, ನೀನು. ಇದು ನನಗೆ ಕೌಂಟರಿನ ಒಳಗಿನಿಂದ ಕಂಡ ಸತ್ಯ, ಉಳಿದದ್ದೆಲ್ಲ ಮರೆತರೂ ಇದನ್ನು ಇಟ್ಟುಕೋ. ಮೂರು ತಿಂಗಳು ಯಾರೂ ಕೇಳದ ಸಾಮಾನನ್ನು ಅಂಗಡಿಯವನು ಮತ್ತೆ ತರಿಸುವುದಿಲ್ಲ, ಅವನ ದುಡ್ಡು ಕಪಾಟಿನಲ್ಲಿ ತುಕ್ಕು ಹಿಡಿಯುತ್ತದೆ. ವೈಪರ್ ಬ್ಲೇಡು, ಕ್ಲಚ್ ಕೇಬಲ್, ಫಿಲ್ಟರ್, ಬ್ರೇಕ್ ಶೂ ಇವನ್ನೆಲ್ಲ ಐವತ್ತು, ಎಂಬತ್ತು ರೂಪಾಯಿ ಕಡಿಮೆ ಅಂತ ಫೋನಿನಲ್ಲಿ ತರಿಸುವ ಅಭ್ಯಾಸ ಊರಿಗೇ ಆದರೆ ಹೊಸನಗರದ ಅಂಗಡಿಯ ಗೂಡು ಖಾಲಿಯಾಗುತ್ತದೆ. ಆಗ ಆಷಾಢದ ಒಂದು ಸಂಜೆ ಮಾಸ್ತಿಕಟ್ಟೆಯ ಹತ್ತಿರ ನಿನ್ನ ಕ್ಲಚ್ ಕೇಬಲ್ ತುಂಡಾಗುತ್ತದೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಎಲ್ಲೋ ಮರ ಬಿದ್ದು ಕೊರಿಯರ್ ಗಾಡಿ ಶಿವಮೊಗ್ಗದಲ್ಲೇ ನಿಂತಿದೆ. ಅವತ್ತು ಒಂದು ಕೇಬಲ್ ಗೂಡಿನಲ್ಲಿ ಇಟ್ಟುಕೊಂಡು, ಶಟರ್ ಅರ್ಧ ಎಳೆದಾದ ಮೇಲೂ ತೆಗೆದುಕೊಡುವವನಿಗೆ ನೀನು ಹೋದ ವರ್ಷ ಏನು ಕೊಟ್ಟಿದ್ದೆ?

ಗೂಡಿನಲ್ಲಿ ಇಲ್ಲದಿದ್ದಾಗ ನಮ್ಮಲ್ಲಿ ನಡೆಯುತ್ತಿದ್ದದ್ದು, ಈಗಲೂ ನಡೆಯುವುದು ಬಸ್ಸಿನ ವ್ಯವಸ್ಥೆ. ತೀರ್ಥಹಳ್ಳಿಯ ಅಂಗಡಿಯವನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಫೋನು ಮಾಡಿ ‘ಮಧ್ಯಾಹ್ನದ ಬಸ್ಸಿಗೆ ಹಾಕಿ’ ಅಂದರೆ ಸಂಜೆ ಕಾಫಿ ಹೊತ್ತಿಗೆ ಕಂಡಕ್ಟರ್ ಸೀಟಿನ ಅಡಿಯಿಂದ ರೇಡಿಯೇಟರ್ ಇಳಿಯುತ್ತದೆ. ಮರುದಿನ ಡೆಲಿವರಿ ಅಂತ ಈಗ ಎಲ್ಲರೂ ಬೀಗುತ್ತಾರೆ, ನಮ್ಮ ಖಾಸಗಿ ಬಸ್ಸಿನವರು ಅದೇ ದಿನ ಮಾಡುತ್ತಿದ್ದರು. ತುಮರಿ, ಬ್ಯಾಕೋಡಿನವರ ಪಾಡು ಮಾತ್ರ ಬೇರೆ ಇತ್ತು. ಲಿಂಗನಮಕ್ಕಿ ಹಿನ್ನೀರು ದಾಟಲು ಲಾಂಚಿನ ಸಮಯ ಕಾಯಬೇಕು, ನೀರು ಇಳಿದರೆ ಅದೂ ಇಲ್ಲ. ಅವರು ಕೇಬಲ್ಲು, ಪ್ಲಗ್ಗು, ಬೆಲ್ಟು ಎರಡೆರಡು ಒಯ್ದು ಮನೆ ಅಟ್ಟದಲ್ಲಿ ಇಡುತ್ತಿದ್ದರು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದ ಅಂಗಡಿ ಅವರಿಗೂ ಹತ್ತಿರವಾಗಿದೆ. ಅಟ್ಟದ ಅಭ್ಯಾಸವನ್ನು ಮಾತ್ರ ಅವರು ಬಿಡದಿದ್ದರೆ ಒಳ್ಳೆಯದು, ಮತ್ತು ನೀನು ಅದನ್ನು ಕಲಿತರೂ ಒಳ್ಳೆಯದು.

ಹಾಗಾದರೆ ಹೊರದೇಶದಿಂದ ತರಿಸುವುದು ಯಾವಾಗ? ಕಂಪನಿಯೇ ದೇಶ ಬಿಟ್ಟು ಹೋದಾಗ, ಇಲ್ಲವೇ ಮಾಡೆಲ್ಲೇ ನಿಂತುಹೋದಾಗ. ನಮ್ಮ ಕಡೆ ಟ್ಯಾಕ್ಸಿಗಳಾಗಿ ಓಡಿದ ಶವರ್ಲೆ ಟವೇರಾ ನೋಡು. ಜನರಲ್ ಮೋಟರ್ಸಿನವರು 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿದರು. ಆದರೆ ಆ ಗಾಡಿಯ ಎಂಜಿನ್ ಮೂಲದಲ್ಲಿ ಇಸುಜುವಿನದು, ಅದರ ನೆಂಟರು ಥಾಯ್ಲೆಂಡ್, ಇಂಡೋನೇಷ್ಯಾದಲ್ಲಿ ಬೇಕಾದಷ್ಟಿದ್ದಾರೆ. ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸ್ ಇಂಡೋನೇಷ್ಯಾದ ಕಿಜಾಂಗ್. ಅಲ್ಲಿ ಸಿಗುವ ಸಾಮಾನು ಪಾರ್ಟ್ ನಂಬರ್ ತಾಳೆಯಾದರೆ ಇಲ್ಲಿಗೂ ಸೈ. ಫೋರ್ಡಿನವರು 2021ರಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂದಾಗ ಎಷ್ಟು ಜನ ಹೆದರಿ ಗಾಡಿ ಮಾರಿದರು! ಅವಸರ ಬೇಡವಿತ್ತು. ಇಂಥ ಗಾಡಿಯ ಒಂದು ಸೆನ್ಸರ್, ಒಂದು ಇಂಜೆಕ್ಟರಿನ ಬಿಡಿಭಾಗ, ಚಿಕ್ಕದು, ಹಗುರದ್ದು, ನಂಬರ್ ಇರುವಂಥದ್ದು, ಊರಿನಲ್ಲಿ, ಶಿವಮೊಗ್ಗದಲ್ಲಿ, ಜೆ.ಸಿ. ರಸ್ತೆಯಲ್ಲಿ, ದೆಹಲಿಯ ಕಾಶ್ಮೀರಿ ಗೇಟಿನಲ್ಲಿ ಕೇಳಿ ಇಲ್ಲ ಅಂತಾದ ಮೇಲೆ ಹೊರಗಿನಿಂದ ತರಿಸುವುದು ಜಾಣತನ. ಊರಿನಲ್ಲಿ ಕೇಳು ಅಂದದ್ದಕ್ಕೂ ಕಾರಣ ಇದೆ. ಹಳೇ ಅಂಗಡಿಯವನಿಗೆ ಯಾವ ಗಾಡಿಯ ಸಾಮಾನು ಇನ್ಯಾವ ಗಾಡಿಗೆ ಆಗುತ್ತದೆ ಅಂತ ಗೊತ್ತಿರುತ್ತದೆ. ನಿನ್ನ ಕಿಂಗಿನ ಎಂಜಿನ್ನಿಗೂ ಹಳೇ ಎಸ್ಟೀಮಿನ ಎಂಜಿನ್ನಿಗೂ ಇರುವ ಸಂಬಂಧವನ್ನು ಯಾವ ಜಾಲತಾಣವೂ ನಿನಗೆ ಹೇಳಿರಲಿಲ್ಲ, ಹೇಳಿದವನು ಕೌಂಟರಿನವನು. ಅವನ ಹತ್ತಿರ ಅರ್ಧ ಗಂಟೆ ಕೇಳಿ ತಿಳಿದುಕೊಂಡು, ಸಾಮಾನು ಕೈಯಲ್ಲಿ ಹಿಡಿದು ಫೋಟೋ ತೆಗೆದುಕೊಂಡು, ಹೊರಗೆ ಬಂದು ಫೋನಿನಲ್ಲಿ ಆರ್ಡರ್ ಹಾಕುವ ಹುಡುಗರನ್ನು ಕಂಡಿದ್ದೇನೆ. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮುಂದಿನ ಸಲ ಅವರು ಬಂದಾಗ ಅಂಗಡಿಯ ಹುಡುಗ ‘ಇಲ್ಲ’ ಅಂದುಬಿಡುತ್ತಿದ್ದ, ಗೂಡಿನಲ್ಲಿ ಇದ್ದರೂ.

ನಿನ್ನ ಪಟ್ಟಿಯಲ್ಲಿ ಉಳಿದದ್ದು ಎರಡು. ಕಾರ್ಬೊರೇಟರ್ ಕಿಟ್ ತರಿಸು. ಜೆಟ್ಟು, ಗ್ಯಾಸ್ಕೆಟ್, ಡಯಾಫ್ರಮ್ ಎಲ್ಲ ಸೇರಿ ಅಂಗೈಯಗಲದ ಪೊಟ್ಟಣ, ತೂಕವಿಲ್ಲ, ನಂಬರ್ ಇದೆ. ಇಲ್ಲಿ ಸಿಗುವುದರಲ್ಲಿ ಹಲವು ಬರೀ ಗ್ಯಾಸ್ಕೆಟ್ ಸೆಟ್ಟು. ನಿನ್ನ ಕಾರ್ಬೊರೇಟರಿನ ಮೈಮೇಲಿನ ನಂಬರ್ ನೋಡಿಯೇ ಆರ್ಡರ್ ಹಾಕು, ಗಾಡಿಯ ಹೆಸರು ನೋಡಿ ಹಾಕಬೇಡ. ಸಿಕ್ಕರೆ ಸಮುರಾಯ್‌ನ ಸರ್ವಿಸ್ ಮ್ಯಾನ್ಯುಅಲ್ ಕೂಡ ತರಿಸು. ಒಳ್ಳೆಯ ಪುಸ್ತಕ ಒಳ್ಳೆಯ ಸ್ಪ್ಯಾನರಿಗಿಂತ ಮುಂಚೆ ಬರಬೇಕು.

ಲಾಕರ್ ಕೂಡ ತರಿಸು, ಅದು ನಮ್ಮ ಪೇಟೆಯ ಗೂಡಿನ ಸಾಮಾನಲ್ಲ. ಒಂದು ಚಕ್ರ ಕೆಸರಿನಲ್ಲೋ ಗಾಳಿಯಲ್ಲೋ ಸುಮ್ಮನೆ ಸುತ್ತುವಾಗ ಇನ್ನೊಂದಕ್ಕೂ ಬಲ ಕೊಡುವ ಉಪಾಯ ಅದು, ಕೊಡಚಾದ್ರಿಯ ದಾರಿಗೆ ಚೆನ್ನ. ಎರಡು ಮಾತು. ತಾನಾಗಿ ಲಾಕ್ ಆಗುವ ಜಾತಿಯದ್ದನ್ನು ಹಿಂದಿನ ಆಕ್ಸಲಿಗೆ ಹಾಕಿದರೆ ಮಳೆಯ ಟಾರು ರಸ್ತೆಯ ತಿರುವಿನಲ್ಲಿ ಹಿಂಬದಿ ಜಾರುತ್ತದೆ. ಹುಲಿಕಲ್ ಘಾಟಿಯಲ್ಲಿ ಅದನ್ನು ಪರೀಕ್ಷೆ ಮಾಡಲು ಹೋಗಬೇಡ. ಇನ್ನೊಂದು, ಆರ್ಡರ್ ಹಾಕುವ ಮೊದಲು ನಿನ್ನ ಆಕ್ಸಲಿನ ಸ್ಪ್ಲೈನ್ ಹಲ್ಲು ಎಣಿಸು. ಎಣಿಸಬೇಕಾದರೆ ಶಾಫ್ಟ್ ಹೊರಗೆಳೆಯಬೇಕು, ಎಳೆದ ಮೇಲೆ ಆಯಿಲ್ ಸೀಲ್ ಹೇಗೂ ಹೊಸದು ಬೇಕಾಗುತ್ತದೆ. ಬರುವ ಭಾನುವಾರ ಹಳೇ ಸೀಲನ್ನು ಒರೆಸದೇ ಹಾಗೇ ತಗೊಂಡು ಸಾಗರಕ್ಕೆ ಬಾ. ಬ್ರೇಕ್ ಕಿಟ್ಟು, ಜಾಯಿಂಟ್ ಕ್ರಾಸು ಎರಡನ್ನೂ ಆವತ್ತೇ ತೆಗೆಯೋಣ, ನಾನೂ ಅಂಗಡಿಗೆ ಬರುತ್ತೇನೆ.